ಪರಸಿ ಹೊರಡುವ ಊರಲ್ಲೇ ಕಾಡಿನ ಬಾಗಿಲು

ಚಾರಣ ಎಂದ ಕೂಡಲೇ ಪತ್ರಿಕೆ ಓದುವವರ ಕಣ್ಣ ಮುಂದೆ ಬರುವುದು ಕುಮಾರಪರ್ವತ, ಕುದುರೆಮುಖ, ತಡಿಯಂಡಮೋಳ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಡುವ ಬಸ್ಸು, ಬೆನ್ನಿಗೊಂದು ಚೀಲ, ಕಾಲಿಗೆ ದುಬಾರಿ ಬೂಟು, ಸೋಮವಾರ ಬೆಳಿಗ್ಗೆ ಮತ್ತೆ ಕಚೇರಿ. ಅಫಜಲಪುರ ತಾಲ್ಲೂಕಿನ ಕರಜಗಿಯಂಥ ಊರುಗಳಲ್ಲಿ ಈ ಪದಕ್ಕೆ ಚಲಾವಣೆ ಕಡಿಮೆ. ಅಲ್ಲಿ ನಡೆಯುವ ಪದ ಬೇರೆ: ಪರಸಿ, ಅಂದರೆ ಊರವರು ಕೂಡಿ ಹೋಗುವ ಯಾತ್ರೆ. ಹಿಂಗಾರಿ ಜೋಳದ ರಾಶಿ ಮುಗಿದು, ಕಡಲೆ ಮನೆ ಸೇರಿ, ಕಬ್ಬಿನ ಗಾಡಿಗಳ ಓಡಾಟ ಸಡಿಲಾಗುವ ಫಾಲ್ಗುಣದಲ್ಲಿ ಭೀಮಾ ತೀರದ ಊರುಗಳಿಂದ ಕಂಬಿ (ಹೆಗಲ ಮೇಲೆ ಹೊರುವ ದೇವರ ಕಾವಡಿ) ಹೊತ್ತವರ ಗುಂಪುಗಳು ಆಂಧ್ರದ ಶ್ರೀಶೈಲದ ಕಡೆ ಮುಖ ಮಾಡುತ್ತವೆ. ಕಲಬುರಗಿ, ವಿಜಯಪುರ, ಬಾಗಲಕೋಟೆ, ಬೆಳಗಾವಿ, ರಾಯಚೂರು, ನೆರೆಯ ಸೊಲ್ಲಾಪುರ ಸೀಮೆ ಎಲ್ಲ ಸೇರಿದರೆ ಯುಗಾದಿಯ ಹೊತ್ತಿಗೆ ಅಲ್ಲಿನ ಮಲ್ಲಯ್ಯನ, ಅಂದರೆ ಮಲ್ಲಿಕಾರ್ಜುನನ ಸನ್ನಿಧಿ ತಲುಪುವ ಕನ್ನಡಿಗರ ಲೆಕ್ಕ ಲಕ್ಷಗಳಲ್ಲಿ ಇರುತ್ತದೆ. ಅವರಲ್ಲಿ ಬಸ್ಸು, ಟ್ರ್ಯಾಕ್ಸು ಹತ್ತಿ ಹೋಗುವವರು ಬಹಳ ಮಂದಿ, ನಿಜ. ಆದರೆ ಮುನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿಯನ್ನು ಕಾಲ್ನಡಿಗೆಯಲ್ಲೇ ಸವೆಸಿ, ಕೊನೆಯ ಎರಡು ದಿನ ನಲ್ಲಮಲದ ದಟ್ಟ ಕಾಡು ದಾಟುವವರೂ ಸಾವಿರಾರು. ವಸಂತದ ಬಾಗಿಲಲ್ಲಿ ಕನ್ನಡಿಗರು ಮಾಡುವ ದೊಡ್ಡ ಅರಣ್ಯ ಚಾರಣ ಇದೇ. ನಮ್ಮ ಸರ್ಕಾರದ ಚಾರಣ ನೀತಿಯಲ್ಲಿ ಮಾತ್ರ ಇದಕ್ಕೆ ಜಾಗವಿಲ್ಲ. ಈ ಹಾದಿಯನ್ನು ಕಾಯುವ ಕೆಲಸ ಕಾಡಿನ ಅಂಚಿನ ಗೇಟಿನಲ್ಲಿ ಅಲ್ಲ, ಪರಸಿ ಹೊರಡುವ ಊರಲ್ಲಿ ಶುರುವಾಗಬೇಕು ಎಂಬುದು ಈ ಲೇಖನದ ವಾದ.

ಈ ದಾರಿಯನ್ನು ನಕ್ಷೆಯ ಮೇಲೆ ಇಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಪುಣೆ ಜಿಲ್ಲೆಯ ಭೀಮಾಶಂಕರದಲ್ಲಿ ಹುಟ್ಟಿ, ಪಂಢರಪುರದಲ್ಲಿ ಚಂದ್ರಭಾಗೆ ಎನಿಸಿಕೊಂಡು, ಅಫಜಲಪುರ ಸೀಮೆಗೆ ಇಳಿಯುವ ಭೀಮೆ 861 ಕಿಲೋಮೀಟರ್ ಹರಿದು ರಾಯಚೂರು ಜಿಲ್ಲೆಯ ಕಾಡ್ಲೂರ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ಆ ಕೃಷ್ಣೆ ಮುಂದೆ ತುಂಗಭದ್ರೆಯನ್ನೂ ಕೂಡಿಸಿಕೊಂಡು ನಲ್ಲಮಲದ ಕಣಿವೆಯನ್ನು ಸೀಳಿ, ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆ ಆಗುತ್ತದೆ. ಅಂದರೆ ಕರಜಗಿಯ ಪರಸಿ ಹೋಗುವ ದಿಕ್ಕು, ಅವರ ಊರಿನ ಹೊಳೆ ಹೋಗುವ ದಿಕ್ಕು ಎರಡೂ ಒಂದೇ. ಕಾಲಡಿಯ ನೆಲವೂ ಹೆಜ್ಜೆಗೆ ತಕ್ಕಂತೆ ಬದಲಾಗುತ್ತ ಹೋಗುತ್ತದೆ. ಹೊರಡುವಾಗ ದಖ್ಖನ್ನಿನ ಕಪ್ಪು ಕಲ್ಲು ಕರಗಿ ಆದ ಎರೆಮಣ್ಣು. ಭೀಮೆಯ ಕೆಳದಂಡೆಗೆ ಇಳಿದರೆ ಶಹಾಬಾದ್ ಕಲ್ಲು ಎಂದು ಮನೆಮನೆಯ ನೆಲದ ಮೇಲೆ ಮಲಗಿರುವ ಸುಣ್ಣದ ಹಾಸುಗಲ್ಲು. ರಾಯಚೂರಿನ ಸುತ್ತ ಗ್ರಾನೈಟ್ ಗುಂಡು. ಕರ್ನೂಲು ದಾಟಿದ ಮೇಲೆ ಕಡಪ ಶಿಲಾವರ್ಗದ ಚೂಪು ಬೆಣಚುಗಲ್ಲು. ಬರಿಗಾಲಲ್ಲಿ ಹೋಗುವ ಹರಕೆ ಹೊತ್ತವರಿಗೆ ಈ ಭೂವಿಜ್ಞಾನವನ್ನು ಯಾರೂ ಪಾಠ ಮಾಡಬೇಕಿಲ್ಲ, ಅಂಗಾಲಿಗೆ ಗೊತ್ತು. ಆತ್ಮಕೂರು ಬಿಟ್ಟು ವೆಂಕಟಾಪುರದ ಬಳಿ ಕಾಡು ಹೊಕ್ಕರೆ ನಾಗಲೂಟಿ, ಪೆದ್ದಚೆರುವು, ಆಮೇಲೆ ಭೀಮುನಿಕೊಲನು. ಹೊಳೆಯ ಹೆಸರೇ ಇಲ್ಲಿ ಮತ್ತೆ ಎದುರಾದಂತೆ ಅನಿಸಿದರೂ ಇದು ಪಾಂಡವರ ಭೀಮನ ಹೆಸರು. ಆಳದ ಕಮರಿಗೆ ಮೆಟ್ಟಿಲಿಳಿದು, ಬಂಡೆಗಳ ನಡುವಿನ ನೀರು ದಾಟಿ, ಎದುರಿನ ದಂಡೆ ಏರಿದರೆ ಕೈಲಾಸದ್ವಾರ. ಕಾಲಿನ ಕಸುವು ಕೇಳುವ ವಿಷಯದಲ್ಲಿ ಈ ಏರು ಸಹ್ಯಾದ್ರಿಯ ಎಷ್ಟೋ ಚಾರಣ ದಾರಿಗಳಿಗೆ ಕಡಿಮೆ ಇಲ್ಲ.

ಈ ಕಾಡನ್ನು ಮಲೆನಾಡಿನ ಕಣ್ಣಿನಿಂದ ನೋಡಿದವರಿಗೆ ನಿರಾಸೆ ಆಗಬಹುದು. ಇದು ಒಣ ಎಲೆಯುದುರು ಕಾಡು. ಫಾಲ್ಗುಣದಲ್ಲಿ ದಿಂಡಿಗ, ಮತ್ತಿ, ಸಾಗುವಾನಿ ಬರಲಾಗಿ ನಿಂತಿರುತ್ತವೆ. ನೆಲದ ತುಂಬ ಮೊಣಕಾಲಿನ ಕೆಳಗೆ ಸದ್ದು ಮಾಡುವ ತರಗೆಲೆ. ನಡುವೆ ಎಲೆಯೇ ಇಲ್ಲದ ಕೊಂಬೆಗಳಲ್ಲಿ ಮುತ್ತುಗದ ಕೆಂಪು, ಅಲ್ಲಲ್ಲಿ ಇಪ್ಪೆಯ ಮೊಗ್ಗು, ಬಿದಿರ ಮೆಳೆಯ ತುದಿಗೆ ಒಣ ಹಳದಿ. ಹಸಿರು ಬರುವುದಕ್ಕಿಂತ ಮುಂಚೆ ಬರುವ ಈ ಬಣ್ಣವೇ ಬಯಲುಸೀಮೆಯ ವಸಂತ. ಇದರ ಚೆಲುವನ್ನು ವರ್ಣಿಸುವುದಕ್ಕಿಂತ ಇದರ ಅಪಾಯ ಹೇಳುವುದು ಈಗ ಹೆಚ್ಚು ಮುಖ್ಯ. ಫೆಬ್ರುವರಿಯಿಂದ ಮೇ ತನಕ ಇಲ್ಲಿ ನೆಲಗಿಚ್ಚಿನ ಕಾಲ. ಸೇದಿ ಎಸೆದ ಒಂದು ಬೀಡಿ, ಚಹಾ ಕಾಸಿ ಆರಿಸದೆ ಬಿಟ್ಟ ಮೂರು ಕಲ್ಲಿನ ಒಲೆ, ದೇವರ ಕಟ್ಟೆಯ ಮೇಲೆ ಹಚ್ಚಿದ ಕರ್ಪೂರ, ಯಾವುದಾದರೂ ಸಾಕು. ನೀರು ಕೂಡ ಇದೇ ತಿಂಗಳಲ್ಲಿ ಕೆಲವೇ ಗುಂಡಿಗಳಿಗೆ ಕುಗ್ಗಿರುತ್ತದೆ. ಮನುಷ್ಯ ಕುಡಿಯುವ ಗುಂಡಿಯೂ ಕಡವೆ ಕುಡಿಯುವ ಗುಂಡಿಯೂ ಬೇರೆಬೇರೆ ಇರುವುದಿಲ್ಲ. ರೈತನಿಗೆ ಬಿಡುವಾಗುವ ತಿಂಗಳು, ಕಾಡಿಗೆ ಉಸಿರು ಕಟ್ಟುವ ತಿಂಗಳು ಎರಡೂ ಒಂದೇ ಆಗಿಬಿಟ್ಟಿರುವುದು ಈ ಪ್ರಶ್ನೆಯ ಗಂಟು. ಯಾತ್ರೆಯನ್ನು ಮಳೆಗಾಲಕ್ಕೋ ಚಳಿಗಾಲಕ್ಕೋ ತಳ್ಳಿ ಎಂದು ಸಲಹೆ ಕೊಡುವುದು ಸುಲಭ. ಒಕ್ಕಲುತನ ಪಂಚಾಂಗವನ್ನು ಕಟ್ಟಿದೆ, ಪಂಚಾಂಗ ಯಾತ್ರೆಯನ್ನು ಕಟ್ಟಿದೆ. ಇದನ್ನು ಸರ್ಕಾರಿ ಸುತ್ತೋಲೆಯಿಂದ ಬಿಚ್ಚಲಾಗದು.

ಹಾದಿಯ ಹಳಮೆಯ ಬಗ್ಗೆ ಎರಡು ಮಾತು. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಬಾಲಕ ಸಿದ್ಧರಾಮ ಮಲ್ಲಯ್ಯನನ್ನು ಅರಸಿ ಶ್ರೀಶೈಲಕ್ಕೆ ಹೋದ ಕಥೆಯನ್ನು ರಾಘವಾಂಕ ಕಾವ್ಯವಾಗಿಸಿದ. ಆ ಸೊನ್ನಲಿಗೆ ಇಂದಿನ ಸೊಲ್ಲಾಪುರ, ಅಫಜಲಪುರಕ್ಕೆ ನೆರೆಯ ಜಿಲ್ಲಾ ಕೇಂದ್ರ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಹೋದ ಜಾಡು ಕೂಡ ಇದೇ ದಿಕ್ಕಿನದು. ಮುಂದೆ ಕೊಂಡವೀಡಿನ ರೆಡ್ಡಿ ಅರಸರು ಗುಡ್ಡಕ್ಕೆ ಮೆಟ್ಟಿಲು ಕಟ್ಟಿಸಿದರು. ಹದಿನಾಲ್ಕನೆಯ ಶತಮಾನದ ಕೊನೆಗೆ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಸೋಪಾನ ಹಾಕಿಸಿದಳು. ನಮ್ಮ ಕಡೆಯ ಭಕ್ತರು ಭ್ರಮರಾಂಬೆಯನ್ನು ಮನೆಮಗಳು ಎಂದೂ ಮಲ್ಲಯ್ಯನನ್ನು ಅಳಿಯ ಎಂದೂ ಕರೆದು, ಯುಗಾದಿಗೆ ಸೀರೆ ಕುಪ್ಪಸ ಒಯ್ಯುತ್ತಾರೆ. ಕಾಡಿನ ಚೆಂಚು ಜನರೂ ಅವನನ್ನು ತಮ್ಮ ಅಳಿಯ ಎನ್ನುತ್ತಾರೆ, ಚೆಂಚು ಮಲ್ಲಯ್ಯ ಎಂದೇ ಅವನಿಗೆ ಹೆಸರಿದೆ. ಒಬ್ಬ ಅಳಿಯನಿಗೆ ಎರಡು ಮಾವನ ಮನೆ. ಬೀಗತನ ಮಾತ್ರ ಇಬ್ಬರ ನಡುವೆ ಇನ್ನೂ ಕುದುರಿಲ್ಲ. ಈ ಚರಿತ್ರೆಯನ್ನು ಹೆಮ್ಮೆ ಪಡಲು ತೆಗೆದದ್ದಲ್ಲ. ಹಾದಿ ಯಾವ ಕಾಲದಲ್ಲೂ ತನ್ನಷ್ಟಕ್ಕೆ ತಾನೇ ಇರಲಿಲ್ಲ. ಮೆಟ್ಟಿಲು, ಮಂಟಪ, ಕೊಳ, ಅರವಟ್ಟಿಗೆ ಎಂದು ಯಾರೋ ಹಣ ಹಾಕಿ, ಯಾರೋ ಹೊಣೆ ಹೊತ್ತು ನಡೆಸಿದ ವ್ಯವಸ್ಥೆ ಅದು. ಸಿದ್ಧರಾಮ ಶ್ರೀಶೈಲದಿಂದ ಮರಳಿ ಮಾಡಿದ ದೊಡ್ಡ ಕೆಲಸವೂ ಕೆರೆ ಕಟ್ಟಿಸಿದ್ದು.

ಇವತ್ತಿನ ವ್ಯವಸ್ಥೆ ಹೇಗಿದೆ? ನಲ್ಲಮಲದ ಈ ಭಾಗ ನಾಗಾರ್ಜುನಸಾಗರ–ಶ್ರೀಶೈಲ ಹುಲಿ ರಕ್ಷಿತಾರಣ್ಯ. ಮೂರು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿ ಹರಡಿರುವ, ದೇಶದಲ್ಲೇ ದೊಡ್ಡದೆಂದು ಹೆಸರಾದ ಹುಲಿಕಾಡು. ಮಹಾಶಿವರಾತ್ರಿ ಮತ್ತು ಯುಗಾದಿಯ ಹೊತ್ತಿಗೆ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ಅಲ್ಲಿನ ಅರಣ್ಯ ಇಲಾಖೆ ಕಾಲುದಾರಿ ತೆರೆಯುತ್ತದೆ. ಆಂಧ್ರದ ಆಡಳಿತ, ದೇವಸ್ಥಾನ, ದಾಸೋಹ ಸಮಿತಿಗಳು ನೀರು, ಅನ್ನ, ಔಷಧಿ ಒದಗಿಸುತ್ತವೆ. ಕರ್ನಾಟಕದ ಊರೂರುಗಳಿಂದ ಬಂದ ದಾಸೋಹದವರು ಲಾರಿಗಟ್ಟಲೆ ರೊಟ್ಟಿ, ಶೇಂಗಾ ಹಿಂಡಿ, ಅಕ್ಕಿ ತಂದು ದಾರಿಯುದ್ದಕ್ಕೂ ಬಡಿಸುತ್ತಾರೆ. ಇಷ್ಟೆಲ್ಲ ಇದ್ದೂ ತಪ್ಪುವುದು ಎಲ್ಲಿ ಎಂದರೆ, ಗೇಟಿನ ಆಚೆ ನಿಂತ ಸಿಬ್ಬಂದಿಗೆ ನಾಳೆ ಎಷ್ಟು ಜನ ಬರುತ್ತಾರೆ ಎಂಬುದು ಗೊತ್ತಾಗುವುದು ನಾಳೆಯೇ. ಒಂದು ದಿನ ಸುಮ್ಮನೆ ಬಿಕೋ ಎನ್ನುವ ಕಾಡಿನಲ್ಲಿ ಮರುದಿನ ಜಾತ್ರೆ. ಸಾವಿರ ಜನ ಎರಡು ದಿನದಲ್ಲಿ ತಲಾ ಐದು ಬಾಟಲಿ ನೀರು ಕುಡಿದರೆ ಐದು ಸಾವಿರ ಬಾಟಲಿ. ಇಪ್ಪತ್ತು ಸಾವಿರ ಜನ ಎಂದರೆ ಒಂದು ಲಕ್ಷ. ದಾಸೋಹದ ತಟ್ಟೆ, ಚಹಾದ ಲೋಟ, ಗುಟ್ಕಾ ಚೀಟಿ ಇದರ ಮೇಲೆ. ಆ ಕಸವನ್ನು ಹೊತ್ತು ತರಲು ಕಾಡೊಳಗೆ ಲಾರಿ ಹೋಗುವ ರಸ್ತೆ ಎಲ್ಲ ಕಡೆ ಇಲ್ಲ. ಭೀಮುನಿಕೊಲನಿನ ಕಮರಿಗೆ ಬಿದ್ದದ್ದನ್ನು ಮೇಲೆತ್ತಬೇಕಾದರೆ ಮನುಷ್ಯನ ಬೆನ್ನೇ ಬೇಕು. ಗೇಟಿನಲ್ಲಿ ಪ್ಲಾಸ್ಟಿಕ್ ಕಸಿದುಕೊಂಡರೆ ಬಾಯಾರಿದವನಿಗೆ ಕುಡಿಯಲು ಏನು ಕೊಡಬೇಕು? ಕಸಿಯದೆ ಬಿಟ್ಟರೆ ಕಮರಿಯ ಗತಿ ಏನು? ಈ ಪ್ರಶ್ನೆಗೆ ಗೇಟಿನಲ್ಲಿ ನಿಂತು ಉತ್ತರ ಹುಡುಕಿದರೆ ಸಿಗದು. ಅಷ್ಟು ಹೊತ್ತಿಗೆ ಸಮಯ ಮೀರಿರುತ್ತದೆ.

ಸಂಖ್ಯೆಯ ಸಮಸ್ಯೆ ಕರ್ನಾಟಕಕ್ಕೆ ಹೊಸದೇನೂ ಅಲ್ಲ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದಲ್ಲಿ ಸಾವಿರಾರು ಜನ ಒಮ್ಮೆಗೇ ಏರಿ, ಉಸಿರಾಡಲು ಜಾಗವಿಲ್ಲದ ಚಿತ್ರಗಳು ಎಲ್ಲ ಕಡೆ ಹರಿದಾಡಿದವು. ಆನ್‌ಲೈನ್ ನೋಂದಣಿ ಇಲ್ಲದ ದಾರಿಗಳಲ್ಲಿ ಚಾರಣವನ್ನು ಕರ್ನಾಟಕದ ಅರಣ್ಯ ಇಲಾಖೆ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣ ಬಂತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ, ಮುಂಗಡ ಹಣ, ಮೊಬೈಲಿಗೆ ಬರುವ ಚೀಟಿ. ಆ ವ್ಯವಸ್ಥೆಯ ಹಿಂದಿನ ತತ್ವ ಸರಿ. ಕಾಡಿಗೆ ಒಂದು ತಾಳಿಕೆ ಇದೆ, ಅದನ್ನು ಮೊದಲೇ ಲೆಕ್ಕ ಹಾಕಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದರ ಅಚ್ಚು ಬಿಡಿ ಮನುಷ್ಯನನ್ನು ನೆನೆದು ಎರಕ ಹೊಯ್ದದ್ದು: ಒಬ್ಬ ವ್ಯಕ್ತಿ, ಒಂದು ಫೋನು, ಒಂದು ಬ್ಯಾಂಕ್ ಖಾತೆ, ಒಂದು ರಜೆದಿನ. ಪರಸಿ ಆ ಅಚ್ಚಿನಲ್ಲಿ ಕೂರುವುದಿಲ್ಲ. ಪರಸಿಯಲ್ಲಿ ಬಿಡಿ ಮನುಷ್ಯ ಇರುವುದಿಲ್ಲ, ಊರು ಇರುತ್ತದೆ. ಕಂಬಿ ಯಾವ ಮನೆತನದ್ದು, ಈ ವರ್ಷ ಹೆಗಲು ಯಾರದ್ದು, ಹಿಂದೆ ಬರುವ ಬಂಡಿಯಲ್ಲಿ ಯಾರ ಬುತ್ತಿ, ದಾರಿಯಲ್ಲಿ ಕಾಲು ಊದಿಕೊಂಡವರನ್ನು ಯಾರು ನೋಡಿಕೊಳ್ಳಬೇಕು, ಮಠದ ಅಯ್ಯನವರು ಯಾವತ್ತು ಹೊರಡಿಸುತ್ತಾರೆ ಎಲ್ಲವೂ ಊರಲ್ಲಿ ಮೊದಲೇ ತೀರ್ಮಾನವಾಗಿರುತ್ತವೆ. ಯಾವ ಊರಿನ ಕಂಬಿ ಎಂದು ಕೇಳಿದರೆ ಸಾಕು, ನೂರು ಜನರ ಗುರುತು ಸಿಗುತ್ತದೆ. ಇಷ್ಟು ಗಟ್ಟಿ ಸಂಘಟನೆ ಕಣ್ಣೆದುರಿಗೆ ಇರುವಾಗ, ಎಪ್ಪತ್ತು ವರ್ಷದ ಮುದುಕಿಯನ್ನು ಓಟಿಪಿಗೆ ಕಾಯಿಸುವುದರಲ್ಲಿ ಜಾಣತನ ಕಾಣುವುದಿಲ್ಲ.

ಆದ್ದರಿಂದ ನೋಂದಣಿಯ ಘಟಕ ಕಂಬಿಯೇ ಆಗಲಿ. ಶಿವರಾತ್ರಿಯ ಹೊತ್ತಿಗೆ ಪ್ರತಿ ಕಂಬಿಯ ಮುಖ್ಯಸ್ಥರು ತಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಂದು ಪಟ್ಟಿ ಕೊಡಲಿ: ಎಷ್ಟು ಜನ, ಅವರಲ್ಲಿ ಅರವತ್ತು ದಾಟಿದವರು ಎಷ್ಟು, ಹೊರಡುವ ದಿನ ಯಾವುದು, ಕಾಡು ಹೊಗುವ ದಿನ ಯಾವುದು, ಸಂಗಡ ಬರುವ ದಾಸೋಹದ ಗಾಡಿ ಯಾವುದು. ಪಂಚಾಯಿತಿಯಿಂದ ತಾಲ್ಲೂಕಿಗೆ, ತಾಲ್ಲೂಕಿನಿಂದ ಜಿಲ್ಲಾಧಿಕಾರಿಗೆ, ಅಲ್ಲಿಂದ ನಂದ್ಯಾಲ ಜಿಲ್ಲಾಡಳಿತಕ್ಕೆ ಆ ಲೆಕ್ಕ ಹೋಗಲಿ. (2022ರ ಏಪ್ರಿಲ್‌ನಲ್ಲಿ ಕರ್ನೂಲು ಜಿಲ್ಲೆ ಒಡೆದ ಮೇಲೆ ಆತ್ಮಕೂರು, ಶ್ರೀಶೈಲ ಎರಡೂ ನಂದ್ಯಾಲಕ್ಕೆ ಸೇರಿವೆ.) ಒಂದೇ ದಿನಕ್ಕೆ ಹೆಚ್ಚು ಕಂಬಿ ಬಿದ್ದರೆ ಆಗಲೇ ಒಂದೆರಡು ದಿನ ಹಿಂದೆ ಮುಂದೆ ಮಾಡಿಕೊಳ್ಳಬಹುದು, ಊರಲ್ಲಿ ಕೂತು ಮಾಡಿಕೊಂಡ ಹೊಂದಾಣಿಕೆಗೂ ಕಾಡಿನ ಬಾಯಲ್ಲಿ ಪೊಲೀಸರು ತಡೆದು ನಿಲ್ಲಿಸುವುದಕ್ಕೂ ಬಹಳ ಅಂತರವಿದೆ. ಪಟ್ಟಿಯ ಜತೆಗೆ ಒಂದು ಕರಾರು: ತಲೆಗೊಂದು ತಂಬಿಗೆ ಅಥವಾ ಸ್ಟೀಲ್ ಬಾಟಲಿ, ತಲೆಗೊಂದು ತಟ್ಟೆ, ಕಾಡಿನೊಳಗೆ ಒಲೆ ಹೂಡುವುದಿಲ್ಲ, ಹೊತ್ತು ಹೋದದ್ದನ್ನೆಲ್ಲ ಹೊತ್ತು ತರುತ್ತೇವೆ. ಕಟಕ ರೊಟ್ಟಿ, ಹಿಂಡಿ, ಒಣ ಪಲ್ಯ ಕಟ್ಟಿಕೊಂಡು ಹೋದವರಿಗೆ ಎರಡು ದಿನ ಒಲೆಯ ಹಂಗು ಇಲ್ಲ. ವಾರಗಟ್ಟಲೆ ಕೆಡದ ಈ ಬುತ್ತಿಯನ್ನು ಕಂಡುಹಿಡಿದವರು ನಮ್ಮವರೇ, ಪೊಟ್ಟಣದ ಬಿಸ್ಕತ್ತಿಗೆ ಮಾರುಹೋದವರೂ ನಮ್ಮವರೇ. ಕರಾರು ಮುರಿದ ಕಂಬಿಯ ಹೆಸರು ಮುಂದಿನ ವರ್ಷದ ಪಟ್ಟಿಯಲ್ಲಿ ಕೊನೆಗೆ ಬರಲಿ. ದಂಡಕ್ಕಿಂತ ಇದು ನಾಟುತ್ತದೆ. ಊರಿನ ಮಾನ ಎಂಬುದು ಐನೂರು ರೂಪಾಯಿ ರಸೀದಿಗಿಂತ ಭಾರ.

ಈ ಸಲಹೆಗೆ ಮೊದಲ ತಕರಾರು ಭಕ್ತರದ್ದೇ. ದೇವರ ಹತ್ತಿರ ಹೋಗಲು ಸರ್ಕಾರದ ಪಟ್ಟಿ ಏಕೆ, ಕರೆ ಬಂದವನು ಹೋಗುತ್ತಾನೆ ಎಂಬ ಮಾತು. ಈ ಮಾತಿಗೆ ಗೌರವ ಕೊಟ್ಟೇ ಉತ್ತರಿಸಬೇಕು. ಪಟ್ಟಿ ಯಾರನ್ನೂ ತಡೆಯಲು ಅಲ್ಲ, ಸಾಲು ಮಾಡಲು. ಶಬರಿಮಲೆಯಲ್ಲಿ ಮುಂಗಡ ಸರದಿ ವ್ಯವಸ್ಥೆ ಬಂದು ವರ್ಷಗಳಾದವು, ಭಕ್ತಿ ಬತ್ತಲಿಲ್ಲ. ಭೀಮೆಯದೇ ಮೇಲ್ದಂಡೆಯಲ್ಲಿ ಪಂಢರಪುರದ ವಾರಿ ಯಾತ್ರೆಯನ್ನು ನೋಡಿ: ಅಲ್ಲಿ ನಡೆಯುವವರು ದಿಂಡಿ ಎಂಬ ತಂಡಗಳಲ್ಲಿ ಸಂಘಟಿತರು, ಯಾವ ಪಾಲಕಿ ಯಾವ ದಿನ ಎಲ್ಲಿ ಉಳಿಯಬೇಕು ಎಂಬುದು ಮೊದಲೇ ಗೊತ್ತು. ಈ ಶಿಸ್ತು ಇದ್ದದ್ದರಿಂದಲೇ ಸರ್ಕಾರಕ್ಕೂ ಅವರ ಜತೆ ಮಾತಾಡಲು ಒಂದು ವಿಳಾಸ ಸಿಕ್ಕಿತು. 2021ರ ನವೆಂಬರಿನಲ್ಲಿ ಶಿಲಾನ್ಯಾಸವಾದ ಜ್ಞಾನೇಶ್ವರ ಮತ್ತು ತುಕಾರಾಮ ಪಾಲಕಿ ಹೆದ್ದಾರಿಗಳ ಬದಿಯಲ್ಲಿ ಪಾದಚಾರಿಗಳಿಗೆಂದೇ ಹಾದಿ ಸೇರಿಸಿದ್ದಾರೆ. ನಮ್ಮ ಪರಸಿಗೆ ಅಂಥದ್ದು ಸಿಗದಿರುವುದಕ್ಕೆ ಒಂದು ಕಾರಣ, ನಾವು ಎಷ್ಟು ಜನ, ಯಾವ ದಾರಿ ಎಂಬ ಲೆಕ್ಕವನ್ನು ಯಾರ ಮೇಜಿನ ಮೇಲೂ ಇಡದಿರುವುದು. ದೂರದ ಸ್ಪೇನಿನ ಸ್ಯಾಂಟಿಯಾಗೊ ಹಾದಿಯಲ್ಲಿ ಯಾತ್ರಿಕ ಒಂದು ಪುಸ್ತಿಕೆ ಹಿಡಿದು ಊರೂರಲ್ಲಿ ಮುದ್ರೆ ಹಾಕಿಸಿಕೊಳ್ಳುತ್ತಾನೆ. ಕೊನೆಯ ನೂರು ಕಿಲೋಮೀಟರಾದರೂ ನಡೆದವನಿಗೆ ಮಾತ್ರ ಪ್ರಮಾಣಪತ್ರ. 2024ರಲ್ಲಿ ಹಾಗೆ ಪತ್ರ ಪಡೆದವರು ಸುಮಾರು 5 ಲಕ್ಷ ಮಂದಿ. ಮುದ್ರೆ ಅವರಿಗೆ ಅಡ್ಡಿ ಅನಿಸಿಲ್ಲ, ಮನೆಯ ಗೋಡೆಗೆ ನೇತುಹಾಕುವ ಹೆಮ್ಮೆ ಆಗಿದೆ. ಅಲ್ಲಿಯ ಮುದ್ರೆಯನ್ನು ಇಲ್ಲಿಗೆ ತರಬೇಕೆಂದೇನೂ ಇಲ್ಲ, ಲೆಕ್ಕ ಇಟ್ಟ ಮಾತ್ರಕ್ಕೆ ಯಾತ್ರೆ ಸಣ್ಣದಾಗುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಎರಡನೆಯ ತಕರಾರು ಎದುರು ದಿಕ್ಕಿನಿಂದ ಬರುತ್ತದೆ, ಅದು ಹೆಚ್ಚು ತೂಕದ್ದು. ಹುಲಿ ರಕ್ಷಿತಾರಣ್ಯದ ನಡುವೆ ಸಾವಿರಾರು ಜನ ಏಕೆ ಹಾಯಬೇಕು, ಡೋರ್ನಾಲ ಮೂಲಕ ಡಾಂಬರು ರಸ್ತೆ ಇದೆ, ಎಲ್ಲರೂ ಬಸ್ಸಿನಲ್ಲಿ ಬರಲಿ, ಕಾಲುದಾರಿ ಶಾಶ್ವತವಾಗಿ ಮುಚ್ಚಲಿ ಎನ್ನುವ ವನ್ಯಜೀವಿ ಪ್ರಿಯರಿದ್ದಾರೆ. ಅವರ ಆತಂಕ ಸುಳ್ಳಲ್ಲ. ಮನುಷ್ಯನ ಸದ್ದು, ವಾಸನೆ, ಕಸ ಮೂರೂ ಕಾಡುಪ್ರಾಣಿಗೆ ತೊಂದರೆಯೇ. ನೀರಿನ ಗುಂಡಿಯ ಸುತ್ತ ಎರಡು ವಾರ ಜನ ತುಂಬಿದರೆ ಪ್ರಾಣಿ ದೂರ ಸರಿಯುತ್ತದೆ. ಆದರೆ ಇವರು ಸೂಚಿಸುವ ಬದಲಿ ದಾರಿಯೂ ಅದೇ ಹುಲಿಕಾಡಿನ ನಡುವೆಯೇ ಹಾಯುತ್ತದೆ. ಆ ರಸ್ತೆಯ ಮೇಲೆ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ವಾಹನ ಬಿಡುವುದಿಲ್ಲ ಎಂಬ ನಿಯಮ ಇರುವುದೇ ಚಕ್ರ ಮಾಡುವ ಹಾನಿಗೆ ಸಾಕ್ಷಿ. ಕಾಲುದಾರಿ ವರ್ಷದಲ್ಲಿ ಕೆಲವು ದಿನ ತೆರೆದು ಉಳಿದ ದಿನ ಮುಚ್ಚಿರುತ್ತದೆ, ಒಂದು ಮಳೆಗೆ ಹೆಜ್ಜೆ ಅಳಿಸಿಹೋಗುತ್ತದೆ. ಅಗಲ ಮಾಡಿದ ರಸ್ತೆ ಹಾಗೆ ಅಳಿಯುವುದಿಲ್ಲ; ಅದರ ಹಿಂದೆ ಢಾಬಾ, ಪಾರ್ಕಿಂಗ್, ಲಾಡ್ಜು ಬರುತ್ತವೆ. ಕಾಲ್ನಡಿಗೆ ನಿಲ್ಲಿಸಿದರೆ ನಡೆಯುವವರು ಮನೆಯಲ್ಲಿ ಉಳಿಯುವುದಿಲ್ಲ, ಗಾಡಿ ಹತ್ತುತ್ತಾರೆ. ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ 2012ರಲ್ಲಿ ಹೊರಡಿಸಿದ ಪ್ರವಾಸೋದ್ಯಮ ಮಾರ್ಗಸೂಚಿಯೂ ತೀರ್ಥಯಾತ್ರೆಯನ್ನು ನಿರ್ಮೂಲ ಮಾಡಿ ಎನ್ನಲಿಲ್ಲ. ನಿಗದಿತ ದಿನಗಳಿಗೆ, ನಿಗದಿತ ಜಾಗಗಳಿಗೆ ಮಿತಿಗೊಳಿಸಿ ಎಂದಿತು. ಒಂದು ಮಾತನ್ನು ಮಾತ್ರ ಒಪ್ಪಲೇಬೇಕು: ಲೆಕ್ಕವೂ ಇಲ್ಲದೆ ಕರಾರೂ ಇಲ್ಲದೆ ಈಗಿರುವಂತೆಯೇ ಸಂಖ್ಯೆ ಏರುತ್ತ ಹೋದರೆ, ಒಂದಲ್ಲ ಒಂದು ಬೇಸಿಗೆ ದೊಡ್ಡ ಬೆಂಕಿಯ ಮರುದಿನ ಈ ದಾರಿ ಮುಚ್ಚುತ್ತದೆ. ಆಗ ಮುಚ್ಚಿದವರನ್ನು ಬೈಯುವ ನೈತಿಕ ಹಕ್ಕು ನಮಗೆ ಉಳಿದಿರುವುದಿಲ್ಲ.

ಇನ್ನೊಂದು ರಾಜ್ಯದ ಕಾಡು, ಅದರ ಚಿಂತೆ ಕರ್ನಾಟಕಕ್ಕೆ ಏಕೆ ಎಂದು ವಿಧಾನಸೌಧದಲ್ಲಿ ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಅದಕ್ಕೆ ಕಲಬುರಗಿಯ ಭೂಗೋಳವೇ ಉತ್ತರ ಕೊಡುತ್ತದೆ. ಸುಮಾರು 10,950 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಜಿಲ್ಲೆಯಲ್ಲಿ ಅಭಯಾರಣ್ಯ ಅಂತ ಇರುವುದು 2011ರಲ್ಲಿ ಘೋಷಿಸಿದ ಚಿಂಚೋಳಿಯದು, ಅದು 134.88 ಚದರ ಕಿಲೋಮೀಟರ್. ಜಿಲ್ಲೆಯ ಶೇ 1ಕ್ಕಿಂತ ಚೂರು ಹೆಚ್ಚು, ಅದೂ ಪೂರ್ವದ ತುದಿಯಲ್ಲಿ. ಆಳಂದ, ಅಫಜಲಪುರ, ಜೇವರ್ಗಿಯ ಕಡೆ ಬಂದರೆ ತೊಗರಿ, ಜೋಳ, ಹತ್ತಿ, ಕಬ್ಬು. ಬದುವಿನ ಮೇಲೆ ಜಾಲಿ, ಊರ ಮುಂದೆ ಬೇವು. ಇಲ್ಲಿನ ಎಷ್ಟೋ ಒಕ್ಕಲು ಮಕ್ಕಳು ಬದುಕಿನಲ್ಲಿ ಕಾಡೊಳಗೆ ಕಾಲಿಡುವುದು ನಲ್ಲಮಲದಲ್ಲಿ ಮಾತ್ರ. ಕಡವೆಯ ಹೆಜ್ಜೆ, ಕರಡಿ ಕೆದರಿದ ಹುತ್ತ, ಬೆಳಗಿನ ಜಾವ ಕಾಡುಕೋಳಿಯ ಕೂಗು ಅವರಿಗೆ ಸಿಗುವುದು ಆ ಎರಡು ದಿನ. ಶಾಲೆಯ ಪರಿಸರ ಪಾಠಕ್ಕಿಂತ ದೊಡ್ಡ ಪಾಠವನ್ನು ಈ ಹಾದಿ ಕೊಡಬಲ್ಲದು, ಕೊಡುವ ಏರ್ಪಾಡು ಇದ್ದರೆ. ಕಾಡಿಲ್ಲದ ಸೀಮೆಯಿಂದ ಬಂದವರಿಗೆ ಕಾಡಿನ ರೀತಿ ತಿಳಿಯದು ಎಂದು ದೂರುವುದು ನ್ಯಾಯವಲ್ಲ. ಅವರಿಗೆ ಅದನ್ನು ಹೊರಡುವ ಮುಂಚೆ ಹೇಳಿಕೊಡುವವರು ಯಾರು? ಇದು ಕರ್ನಾಟಕದ ಅರಣ್ಯ ಇಲಾಖೆಯ ಕೆಲಸ. ಪಶ್ಚಿಮ ಘಟ್ಟದ ಚಾರಣಕ್ಕೆ ಮಾರ್ಗದರ್ಶಿ ಕೊಡುವ ಇಲಾಖೆ, ಮಹಾಶಿವರಾತ್ರಿಯ ಜಾಗರಣೆಗೆ ಗುಡಿಯ ಕಟ್ಟೆಗೆ ಒಬ್ಬ ಅರಣ್ಯ ರಕ್ಷಕನನ್ನು ಕಳಿಸಿ ಅರ್ಧ ಗಂಟೆ ಮಾತಾಡಿಸಿದರೆ ಆಗುವ ಖರ್ಚು ಎಷ್ಟು? ಅಂದು ರಾತ್ರಿ ಹೇಗೂ ಊರೆಲ್ಲ ಎಚ್ಚರ ಇರುತ್ತದೆ.

ಬಿಸಿಲಿನ ಮಾತು ಬೇರೆ. ಇದನ್ನು ತಕರಾರು ಎನ್ನುವುದಕ್ಕಿಂತ ಎಚ್ಚರಿಕೆ ಎನ್ನಬೇಕು. ಯುಗಾದಿ ಚಾಂದ್ರಮಾನದ ಹಬ್ಬ, ಪ್ರತಿ ವರ್ಷ ಜಾರುತ್ತದೆ. 2023ರಲ್ಲಿ ಮಾರ್ಚ್ 22, 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19, 2027ರಲ್ಲಿ ಏಪ್ರಿಲ್ 7. ಅಧಿಕ ಮಾಸ ಬಂದುಹೋದ ಮರುವರ್ಷ ಹಬ್ಬ ಏಪ್ರಿಲ್‌ಗೆ ದಾಟುವುದನ್ನು ಈ ಸಾಲಿನಲ್ಲೇ ಕಾಣಬಹುದು: 2023ರಲ್ಲಿ ಅಧಿಕ ಶ್ರಾವಣ, ಮರುವರ್ಷ ಏಪ್ರಿಲ್ ಯುಗಾದಿ, 2026ರಲ್ಲಿ ಅಧಿಕ ಜ್ಯೇಷ್ಠ, ಮರುವರ್ಷ ಮತ್ತೆ ಏಪ್ರಿಲ್. ಮಾರ್ಚ್ 19ಕ್ಕೂ ಏಪ್ರಿಲ್ 7ಕ್ಕೂ ನಡುವೆ ಇರುವ ಸುಮಾರು ಮೂರು ವಾರ ಬಯಲುಸೀಮೆಯಲ್ಲಿ ಎರಡು ಋತುಗಳಷ್ಟು ದೂರ. ಮೊದಲನೆಯದರಲ್ಲಿ ಬೆಳಗಿನ ಹತ್ತರ ತನಕ ನಡೆಯಬಹುದು, ಎರಡನೆಯದರಲ್ಲಿ ಎಂಟಕ್ಕೇ ನೆರಳು ಹುಡುಕಬೇಕು. ಒಣ ಎಲೆಯುದುರು ಕಾಡಿನಲ್ಲಿ ಆ ಹೊತ್ತಿಗೆ ನೆರಳೇ ಇಲ್ಲ. ಹೀಗಿದ್ದೂ ನೀರಿನ ತೊಟ್ಟಿ, ವೈದ್ಯರ ಶಿಬಿರ, ಕಾಡು ತೆರೆದಿರುವ ದಿನಗಳನ್ನು ಎಲ್ಲ ವರ್ಷವೂ ಒಂದೇ ಅಳತೆಯಲ್ಲಿ ಹೊಲಿದರೆ ಏಪ್ರಿಲ್ ಯುಗಾದಿಯ ವರ್ಷ ಅದು ಬಿಗಿಯಾಗುತ್ತದೆ. ಪಂಚಾಂಗ ಮುಂಚಿತವಾಗಿಯೇ ಹೇಳುವ ವಿಷಯಕ್ಕೆ ಪ್ರತಿ ಸಲ ಗಾಬರಿ ಬೀಳುವುದು ಬೇಡ. ಏಪ್ರಿಲ್ ವರ್ಷಗಳಲ್ಲಿ ಕಂಬಿಗಳು ಕಾಡಿನ ಹಂತವನ್ನು ನಾಲ್ಕೈದು ದಿನ ಮುಂಚೆಯೇ ಮುಗಿಸಿ, ಶ್ರೀಶೈಲದ ಬಯಲಿನಲ್ಲಿ ಹಬ್ಬಕ್ಕೆ ಕಾಯುವಂತೆ ಹೊರಡುವ ದಿನವನ್ನು ಹಿಂದಕ್ಕೆ ತಳ್ಳಿಕೊಳ್ಳಬಹುದು. ಜೋಳದ ರಾಶಿ ಅಷ್ಟರಲ್ಲಿ ಮುಗಿದಿರುತ್ತದೆ. ಅದಕ್ಕೂ ಊರ ಪಟ್ಟಿಯೇ ಬೇಕು.

ಚೆಂಚು ಜನರ ಮಾತು ಬಾಕಿ ಇದೆ. ಕೇರಳದ ಪೆರಿಯಾರ್ ಹುಲಿಕಾಡಿನಲ್ಲಿ ಶಬರಿಮಲೆಯ ಹಳೆಯ ಕಾಡುದಾರಿಯ ಮೇಲೆ ಯಾತ್ರಿಕರಿಗೆ ಊಟ, ನೀರು, ತಂಗುವ ಜಾಗ ಒದಗಿಸುವ ಕೆಲಸವನ್ನು ಸ್ಥಳೀಯರ ಪರಿಸರಾಭಿವೃದ್ಧಿ ಸಮಿತಿಗಳಿಗೆ ಕೊಟ್ಟಿದ್ದಾರೆ. ಹೊರಗಿನ ಗುತ್ತಿಗೆದಾರ ಬಂದು ಹೋಗುತ್ತಾನೆ, ಅವನಿಗೆ ಕಾಡು ಸುಟ್ಟರೂ ಒಂದೇ ಉಳಿದರೂ ಒಂದೇ. ಅಲ್ಲೇ ಬಾಳುವವನಿಗೆ ಹಾಗಲ್ಲ. ನಲ್ಲಮಲದ ಹಾದಿಯಲ್ಲಿ ನೀರಿನ ಕೊಡ ತುಂಬುವ, ಕಸ ಹೊರುವ, ಬೆಂಕಿಗೆ ಕಾವಲು ಕೂರುವ ಕೆಲಸಕ್ಕೆ ಚೆಂಚು ಹುಡುಗರಿಗೆ ಸರಿಯಾದ ಕೂಲಿ ಸಿಗಬೇಕು. ಆ ಹಣದಲ್ಲಿ ಕರ್ನಾಟಕ ಪಾಲು ಕೊಡಬೇಕು, ಏಕೆಂದರೆ ನಡೆಯುವ ಕಾಲುಗಳಲ್ಲಿ ಬಹುಪಾಲು ನಮ್ಮವು. ದಾಸೋಹಕ್ಕೆ ಲಾರಿ ತುಂಬಿಸುವ ಕೈಗಳು ಇದಕ್ಕೂ ಹಿಂಜರಿಯುವುದಿಲ್ಲ, ಕೇಳುವವರು ಬೇಕು ಅಷ್ಟೇ. ಒಂದು ಹೊತ್ತಿನ ಅನ್ನ ಹಾಕಿದರೆ ಪುಣ್ಯ, ಆ ಅನ್ನ ಉಂಡ ಎಲೆ ಎತ್ತಿದರೆ ಅದು ಕೆಲಸಗಾರನ ಪಾಲು ಎಂಬ ಭೇದ ದಾಸೋಹದ ಮೂಲ ಅರ್ಥಕ್ಕೆ ಹೊಂದುವುದೂ ಇಲ್ಲ. ಕಾಯಕ, ದಾಸೋಹ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ ಕಲ್ಯಾಣ ಇಲ್ಲಿಂದ ದೂರವೇನಿಲ್ಲ.

ಮುಂದಿನ ಏಪ್ರಿಲ್ ಯುಗಾದಿ 2027ರ 7ನೆಯ ತಾರೀಕು. ಆ ವರ್ಷ ಮಹಾಶಿವರಾತ್ರಿ ಮಾರ್ಚ್ 6ಕ್ಕೆ. ಎರಡರ ನಡುವೆ ಮೂವತ್ತೆರಡು ದಿನ. ಅಷ್ಟರಲ್ಲಿ ಅಫಜಲಪುರ, ಆಳಂದ, ಜೇವರ್ಗಿ ಈ ಮೂರು ತಾಲ್ಲೂಕುಗಳ ಕಂಬಿಗಳ ಪಟ್ಟಿಯೊಂದನ್ನಾದರೂ ಮಾಡಿ ನಂದ್ಯಾಲಕ್ಕೆ ಕಳಿಸಲು ದೊಡ್ಡ ಯೋಜನೆ, ಟೆಂಡರು, ಉದ್ಘಾಟನೆ ಯಾವುದೂ ಬೇಕಿಲ್ಲ. ಪಂಚಾಯಿತಿಯ ಒಂದು ದಪ್ಪ ಹಾಳೆಯ ವಹಿ, ಜಾಗರಣೆಯ ರಾತ್ರಿ ಬರೆದುಕೊಳ್ಳುವ ಒಬ್ಬ ಕಾರ್ಯದರ್ಶಿ, ಕಂಬಿಯ ಹಿರಿಯರ ಹೆಬ್ಬೆಟ್ಟು ಅಥವಾ ಸಹಿ ಇಷ್ಟು ಸಾಕು.